ವಿಮ್ ಕಲಿಯುವಾಗ ಸಹಾಯ ಕೇಳುವ ಬಗೆ

ಮಾನ್ಯತಾದಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೆಲಸಕ್ಕೆ ಸೇರಿದ ಹೊಸಬರಿಗೆ ಟರ್ಮಿನಲ್‌ನಲ್ಲೇ ಫೈಲ್ ತಿದ್ದುವ ವಿಮ್ ಎಂಬ ಎಡಿಟರ್‌ನ ಪರಿಚಯ ಆಗುವುದು ಸಾಮಾನ್ಯವಾಗಿ ತೀರಾ ಇಕ್ಕಟ್ಟಿನ ಹೊತ್ತಿನಲ್ಲಿ. ಕ್ಲೈಂಟ್ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಿರುತ್ತಾರೆ, ಕಾನ್ಫಿಗ್ ಫೈಲಿನಲ್ಲಿ ಒಂದೇ ಒಂದು ಸಾಲು ತಿದ್ದಬೇಕಿರುತ್ತದೆ, ಆ ನೆಟ್‌ವರ್ಕ್‌ನಲ್ಲಿ ಬ್ರೌಸರ್ ತೆರೆಯುವುದಿಲ್ಲ, ಫೋನನ್ನು ಬಾಗಿಲಲ್ಲೇ ಲಾಕರ್‌ಗೆ ಹಾಕಿ ಬಂದಿರುತ್ತಾರೆ. ಕಾಲೇಜಿನ ಯೂನಿಕ್ಸ್ ಲ್ಯಾಬ್‌ನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ನಾಲ್ಕಾರು ಕಮಾಂಡ್‌ಗಳು ಆಗ ನೆನಪಿಗೆ ಬರುವುದಿಲ್ಲ. ಇಂಥ ಕಡೆ ನೆರವಿಗೆ ಬರುವುದು ವಿಮ್ ತನ್ನೊಳಗೇ ಇಟ್ಟುಕೊಂಡಿರುವ ಸಹಾಯ ಪುಟಗಳು. ಅವು ಬಹಳ ಚೆನ್ನಾಗಿವೆ. ಆದರೆ ಕೇಳಬೇಕಾದ ಹಾಗೆ ಕೇಳದಿದ್ದರೆ ಬೇರೆಯದೇ ಪ್ರಶ್ನೆಗೆ ಉತ್ತರ ಕೊಡುತ್ತವೆ. ಆ ಕೇಳುವ ಬಗೆಯನ್ನೇ ಇಲ್ಲಿ ವಿವರಿಸಿದೆ.

ಓದುವ ಮೊದಲು ಒಂದು ಮಾತು: ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದ ಪ್ರಕಾರ ಕನ್ನಡದಲ್ಲಿ ಬರೆದಿದೆ. ಕೀಲಿಮಣೆಯಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ. ಕೋಲನ್, ಆಶ್ಚರ್ಯಸೂಚಕ, ಉದ್ಧರಣ ಚಿಹ್ನೆಗಳು ಇಲ್ಲಿ ಕಂಡ ಹಾಗೆಯೇ.

ತುರ್ತು ಇದ್ದವರಿಗೆ ಮೊದಲು ಹೊರಬರುವ ದಾರಿ. ಎಸ್ಕೇಪ್ ಕೀಲಿಯನ್ನು ಒಂದೆರಡು ಸಲ ಒತ್ತಿ, ಆಮೇಲೆ :ಕ್ಯೂ! ಎಂದು ಬರೆದು ಎಂಟರ್ ಒತ್ತಿ. ಮಾಡಿದ ಬದಲಾವಣೆ ಹೋಗುತ್ತದೆ, ಫೈಲ್ ಮೊದಲಿದ್ದಂತೆ ಉಳಿಯುತ್ತದೆ. ಸೇವ್ ಮಾಡಿಯೇ ಹೊರಬರಬೇಕಿದ್ದರೆ :ಡಬ್ಲ್ಯೂಕ್ಯೂ. ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ) ಕಮಿಟ್ ಮಾಡುವಾಗ ವಿಮ್ ತಾನಾಗಿ ತೆರೆದುಕೊಂಡು, ಕಮಿಟ್ಟೇ ಬೇಡ ಅನ್ನಿಸಿದರೆ :ಸಿಕ್ಯೂ ಕೊಡಿ. ವಿಮ್ ಆಗ ದೋಷದ ಸಂಕೇತದೊಂದಿಗೆ ಮುಗಿಯುತ್ತದೆ, ಗಿಟ್ ಆ ಕಮಿಟ್ಟನ್ನು ಕೈಬಿಡುತ್ತದೆ. ಹತ್ತು ವರ್ಷ ವಿಮ್ ಬಳಸಿದವರಲ್ಲೂ ಈ ಮೂರನೆಯದು ಗೊತ್ತಿಲ್ಲದವರು ಸಿಗುತ್ತಾರೆ.

ನಿಮ್ಮ ಎದುರಿಗಿರುವುದು ಯಾವ ವಿಮ್?

ಸಹಾಯ ಕೇಳುವುದಕ್ಕೂ ಮೊದಲು ಇದನ್ನು ನೋಡಿಕೊಳ್ಳಬೇಕು, ಏಕೆಂದರೆ ಕೆಲವು ವಿಮ್‌ಗಳಲ್ಲಿ ಸಹಾಯ ಪುಟಗಳೇ ಇರುವುದಿಲ್ಲ. ಉಬುಂಟು ಡೆಸ್ಕ್‌ಟಾಪ್ ಜೊತೆ ಬರುವುದು ವಿಮ್-ಟೈನಿ ಎಂಬ ಪುಟ್ಟ ಪ್ಯಾಕೇಜು. ವಿಐ (ವಿಮ್‌ಗೆ ಮೂಲವಾದ ಹಳೆಯ ಎಡಿಟರ್‌ನ ಹೆಸರು) ಎಂದರೆ ಅದು ತೆರೆಯುತ್ತದೆ, :ಹೆಲ್ಪ್ ಎಂದರೆ ಪುಟಗಳಿಲ್ಲ ಎನ್ನುತ್ತದೆ. ಇದರಲ್ಲೇ ಇನ್ನೊಂದು ಕಾಟವೂ ಇದೆ: ಬರೆಯುವಾಗ ಬಾಣದ ಕೀಲಿ ಒತ್ತಿದರೆ ಕರ್ಸರ್ ಸರಿಯುವ ಬದಲು ಎ, ಬಿ, ಸಿ, ಡಿ ಅಕ್ಷರಗಳು ಮೂಡುತ್ತವೆ. 1970ರ ದಶಕದ ಹಳೆಯ ವಿಐನಂತೆ ನಡೆದುಕೊಳ್ಳುವ ಹೊಂದಾಣಿಕೆ ಸ್ಥಿತಿ ಅದಕ್ಕೆ ಕಾರಣ. :ಸೆಟ್ ನೋಕಂಪಾಟಿಬಲ್ ಎಂದರೆ ಆ ಹೊತ್ತಿಗೆ ಸರಿಹೋಗುತ್ತದೆ. ಶಾಶ್ವತ ಪರಿಹಾರ ಬೇಕಿದ್ದರೆ ಸುಡೊ ಎಪಿಟಿ ಇನ್‌ಸ್ಟಾಲ್ ವಿಮ್ ಎಂದು ಪೂರ್ತಿ ಪ್ಯಾಕೇಜನ್ನು ಹಾಕಿಕೊಳ್ಳಿ. ಸಹಾಯ ಪುಟಗಳಿರುವ ವಿಮ್-ರನ್‌ಟೈಮ್ ಅದರ ಜೊತೆಗೇ ಬರುತ್ತದೆ. ರೆಡ್ ಹ್ಯಾಟ್ ಬಳಗದ ಸರ್ವರ್‌ಗಳಲ್ಲಿ ಇದೇ ಕಥೆ ಬೇರೆ ಹೆಸರಿನಲ್ಲಿ: ವಿಮ್-ಮಿನಿಮಲ್‌ನಲ್ಲಿ ಸಹಾಯವಿಲ್ಲ, ವಿಮ್-ಎನ್‌ಹ್ಯಾನ್ಸ್ಡ್‌ನಲ್ಲಿ ಇದೆ. ಡಾಕರ್ ಕಂಟೇನರ್‌ಗಳಲ್ಲಿ ಎಷ್ಟೋ ಸಲ ಬಿಸಿಬಾಕ್ಸ್ ಎಂಬ ಪುಟ್ಟ ಕಮಾಂಡ್‌ಗಳ ಕಟ್ಟಿನ ವಿಐ ಇರುತ್ತದೆ, ಅದು ವಿಮ್ ಅಲ್ಲವೇ ಅಲ್ಲ. ಅಲ್ಲಿ :ಹೆಲ್ಪ್ ಒತ್ತಿ ಕಾಯುವುದು ವ್ಯರ್ಥ. ಅನುಮಾನ ಬಂದರೆ :ವರ್ಷನ್ ಎಂದು ಕೇಳಿ. ಮೇಲಿನ ಸಾಲುಗಳಲ್ಲಿ ಆವೃತ್ತಿಯ ಸಂಖ್ಯೆಯೂ, ಟೈನಿ, ಸ್ಮಾಲ್, ಹ್ಯೂಜ್ ಎಂಬ ಗಾತ್ರದ ಹೆಸರೂ ಕಾಣುತ್ತದೆ.

ಕ್ಲೈಂಟ್ ಸರ್ವರ್‌ನಲ್ಲಿ ಪ್ಯಾಕೇಜು ಹಾಕುವ ಅನುಮತಿ ನಿಮಗಿರುವುದಿಲ್ಲ. ಆದ್ದರಿಂದ ನಿಮ್ಮ ಲ್ಯಾಪ್‌ಟಾಪಿನಲ್ಲೇ (ವಿಂಡೋಸ್ ಆದರೆ ಅದರೊಳಗೆ ಲಿನಕ್ಸ್ ನಡೆಸುವ ಡಬ್ಲ್ಯೂಎಸ್‌ಎಲ್ ಒಳಗೆ) ಪೂರ್ತಿ ವಿಮ್ ಇಟ್ಟುಕೊಂಡು, ಅದರ ಸಹಾಯವನ್ನು ಇನ್ನೊಂದು ಕಿಟಕಿಯಲ್ಲಿ ತೆರೆದಿಡುವುದು ರೂಢಿ. ಪುಟಗಳು ಮುಕ್ಕಾಲು ಪಾಲು ಎರಡೂ ಕಡೆಗೆ ಹೊಂದುತ್ತವೆ.

ಪೂರ್ತಿ ವಿಮ್ ಇದ್ದರೆ ವಿಮ್‌ಟ್ಯೂಟರ್ ಕೂಡ ಇರುತ್ತದೆ. ಅದನ್ನು ಶೆಲ್‌ನಲ್ಲಿ (ಟರ್ಮಿನಲ್‌ನ ಕಮಾಂಡ್ ಸಾಲಿನಲ್ಲಿ) ಬರೆಯಬೇಕು, ವಿಮ್ ಒಳಗಲ್ಲ. ಏಳು ಪಾಠಗಳ ಒಂದು ಅಭ್ಯಾಸದ ಫೈಲ್ ತೆರೆದುಕೊಳ್ಳುತ್ತದೆ. ಅದು ಮೂಲದ ಪ್ರತಿ ಮಾತ್ರ, ಹೇಗೆ ಬೇಕಾದರೂ ಕೆಡಿಸಬಹುದು. ಸುಮಾರು 30 ನಿಮಿಷ ಸಾಕು ಎಂದು ಅದು ಹೇಳಿಕೊಳ್ಳುತ್ತದೆ. ಕೈಯಿಂದ ಪ್ರತಿಯೊಂದನ್ನೂ ಮಾಡಿ ನೋಡುವವರಿಗೆ ಒಂದು ಗಂಟೆಯಾದರೂ ಬೇಕು, ಬರೀ ಓದಿ ಮುಗಿಸುವವರಿಗೆ ಮಾರನೆಯ ದಿನಕ್ಕೆ ಏನೂ ಉಳಿದಿರುವುದಿಲ್ಲ. 2014ರಲ್ಲಿ ವಿಮ್‌ನಿಂದ ಕವಲೊಡೆದ ನಿಯೋವಿಮ್‌ನಲ್ಲಿ ಇದೇ ಪಾಠಕ್ಕೆ :ಟ್ಯೂಟರ್ ಎನ್ನಬೇಕು, ಮೊದಲ ಅಕ್ಷರ ದೊಡ್ಡದು.

ಹೆಲ್ಪ್ ಕಿಟಕಿಯಲ್ಲಿ ಓಡಾಡುವುದು

:ಹೆಲ್ಪ್ ಎಂದು ಎಂಟರ್ ಒತ್ತಿದ ಕೂಡಲೇ ಪರದೆ ಎರಡಾಗುತ್ತದೆ. ಮೇಲೆ ಸಹಾಯ, ಕೆಳಗೆ ನಿಮ್ಮ ಫೈಲ್. ಹೊಸಬರು ಗಾಬರಿಯಾಗುವುದು ಇಲ್ಲೇ. ಕರ್ಸರ್ ಈಗ ಸಹಾಯದ ಕಿಟಕಿಯಲ್ಲಿದೆ, ಅಲ್ಲಿ ಏನಾದರೂ ತಿದ್ದಲು ಹೋದರೆ ಇ21 ಎಂಬ ದೋಷ ಬರುತ್ತದೆ: ಇದು ಓದುವ ಪುಟ, ತಿದ್ದುವುದಲ್ಲ. :ಕ್ಯೂ ಎಂದರೆ ಕರ್ಸರ್ ಇರುವ ಕಿಟಕಿ ಮಾತ್ರ ಮುಚ್ಚುತ್ತದೆ, ನಿಮ್ಮ ಫೈಲಿಗೆ ಏನೂ ಆಗುವುದಿಲ್ಲ. ಎರಡನ್ನೂ ತೆರೆದಿಟ್ಟುಕೊಂಡೇ ಓಡಾಡಲು ಕಂಟ್ರೋಲ್-ಡಬ್ಲ್ಯೂ ಒತ್ತಿ, ಬಿಟ್ಟು, ಮತ್ತೆ ಡಬ್ಲ್ಯೂ ಒತ್ತಿ. ಕ್ಲೌಡ್ ಕನ್ಸೋಲನ್ನು ಬ್ರೌಸರ್ ಟ್ಯಾಬ್‌ನಲ್ಲಿ ತೆರೆದಿದ್ದರೆ ಮಾತ್ರ ಎಚ್ಚರ: ಕಂಟ್ರೋಲ್-ಡಬ್ಲ್ಯೂ ವಿಮ್‌ಗೆ ತಲುಪುವ ಮೊದಲೇ ಬ್ರೌಸರ್ ಆ ಟ್ಯಾಬನ್ನೇ ಮುಚ್ಚಿಬಿಡಬಹುದು. ಅಲ್ಲಿ :ವಿನ್‌ಸಿಎಂಡಿ ಡಬ್ಲ್ಯೂ ಎಂದು ಬರೆಯುವುದೇ ಕ್ಷೇಮ.

ಪುಟದಲ್ಲಿ ಬಣ್ಣ ಬದಲಾಗಿರುವ, ಅಥವಾ ಎರಡು ನಿಂತ ಗೆರೆಗಳ ನಡುವೆ ಇರುವ ಪದಗಳು ಕೊಂಡಿಗಳು. ಅದರ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಹಿಡಿದು ಬಲ ಚೌಕ ಆವರಣ ] ಒತ್ತಿದರೆ ಆ ವಿಷಯಕ್ಕೆ ಹೋಗುತ್ತೀರಿ, ಕಂಟ್ರೋಲ್-ಟಿ ಒತ್ತಿದರೆ ಬಂದ ದಾರಿಯಲ್ಲೇ ಹಿಂದಕ್ಕೆ. ಟೆಲ್ನೆಟ್‌ನಲ್ಲೋ ವರ್ಚುವಲ್ ಯಂತ್ರದ ವರ್ಷ್ ಕನ್ಸೋಲ್‌ನಲ್ಲೋ ಇದ್ದರೆ ಆ ಆವರಣದ ಕೀಲಿಯನ್ನು ಅವೇ ನುಂಗುತ್ತವೆ, ನೀವು ವಿಮ್‌ನಿಂದ ಹೊರಗೆ ಬಿದ್ದಿರುತ್ತೀರಿ. ಆಗ ಕೊಂಡಿಯ ಪದವನ್ನೇ :ಹೆಲ್ಪ್ ಮುಂದೆ ಬರೆದರಾಯಿತು.

ಪ್ರಶ್ನೆಗೆ ಹಚ್ಚಬೇಕಾದ ಗುರುತು

ವಿಮ್‌ನಲ್ಲಿ ಒಂದೇ ಕೀಲಿಗೆ ಸ್ಥಿತಿಗೊಂದು ಅರ್ಥ. ನಾರ್ಮಲ್ ಮೋಡ್‌ನಲ್ಲಿ ಕೀಲಿಗಳು ಕಮಾಂಡ್‌ಗಳು. ಇನ್ಸರ್ಟ್ ಮೋಡ್‌ನಲ್ಲಿ ಅವು ಅಕ್ಷರಗಳು. ವಿಶುವಲ್ ಮೋಡ್‌ನಲ್ಲಿ ಆರಿಸಿದ ಪಠ್ಯದ ಮೇಲೆ ಕೆಲಸ ಮಾಡುತ್ತವೆ. ಹಾಗಾಗಿ ಸಹಾಯ ಕೇಳುವಾಗಲೂ ಯಾವ ಸ್ಥಿತಿಯ ಕೀಲಿ ಎಂದು ಗುರುತು ಹಚ್ಚಿ ಕೇಳಬೇಕು. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಯು ಕೀಲಿಯನ್ನೇ ನೋಡಿ. :ಹೆಲ್ಪ್ ಯು ಎಂದರೆ ಮಾಡಿದ್ದನ್ನು ರದ್ದು ಮಾಡುವ ಕಮಾಂಡಿನ ಪುಟ ಬರುತ್ತದೆ, ಏಕೆಂದರೆ ಗುರುತಿಲ್ಲದೆ ಕೇಳಿದರೆ ನಾರ್ಮಲ್ ಮೋಡ್ ಎಂದೇ ಅರ್ಥ. ಆದರೆ ಇಂಗ್ಲಿಷ್ ಪಠ್ಯವನ್ನು ಆರಿಸಿಕೊಂಡು ಯು ಒತ್ತಿದವರಿಗೆ ರದ್ದಾಗುವ ಬದಲು ಎಲ್ಲ ದೊಡ್ಡಕ್ಷರಗಳೂ ಸಣ್ಣಕ್ಷರಗಳಾಗಿ ಕಾಣುತ್ತವೆ. ಕಾರಣ ತಿಳಿಯಲು ವಿ ಅಕ್ಷರ, ಅಂಡರ್‌ಸ್ಕೋರ್, ಯು ಸೇರಿಸಿ :ಹೆಲ್ಪ್ ವಿ_ಯು ಎನ್ನಬೇಕು. (ಹಾಗಾಗಿದ್ದರೆ ಗಾಬರಿ ಬೇಡ, ಅಷ್ಟರಲ್ಲಿ ವಿಶುವಲ್ ಮೋಡ್ ಮುಗಿದಿರುತ್ತದೆ, ಇನ್ನೊಂದು ಸಲ ಯು ಒತ್ತಿದರೆ ಅಕ್ಷರಗಳು ಮೊದಲಿನಂತಾಗುತ್ತವೆ.) ಕಂಟ್ರೋಲ್-ಡಬ್ಲ್ಯೂ ಕೂಡ ಹಾಗೆಯೇ: ನಾರ್ಮಲ್‌ನಲ್ಲಿ ಕಿಟಕಿಗಳ ಕೆಲಸ, ಇನ್ಸರ್ಟ್‌ನಲ್ಲಿ ಕರ್ಸರ್ ಹಿಂದಿನ ಪದವನ್ನು ಅಳಿಸುವ ಕೆಲಸ. ಎರಡನೆಯದಕ್ಕೆ ಐ ಅಕ್ಷರ ಮತ್ತು ಅಂಡರ್‌ಸ್ಕೋರ್ ಮುಂದಿಟ್ಟು :ಹೆಲ್ಪ್ ಐ_ಕಂಟ್ರೋಲ್-ಡಬ್ಲ್ಯೂ ಎಂದು ಕೇಳಬೇಕು. ಇಲ್ಲಿ ಕಂಟ್ರೋಲ್ ಎನ್ನುವುದನ್ನು ಕೀಲಿಯ ಮೇಲೆ ಅಚ್ಚಾಗಿರುವ ಹಾಗೆ ಸಿ, ಟಿ, ಆರ್, ಎಲ್ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದು, ನಡುವೆ ಹೈಫನ್ ಹಾಕಬೇಕು.

ಕೆಳಗಿನ ಸಾಲಿನಲ್ಲಿ ಬರೆಯುವ ಕಮಾಂಡ್‌ಗಳಿಗೆ ಕೋಲನ್ನೇ ಗುರುತು: :ಹೆಲ್ಪ್ :ಡಬ್ಲ್ಯೂ. ಕೋಲನ್ ಬಿಟ್ಟರೆ ಡಬ್ಲ್ಯೂ ಕೀಲಿಯ ಪುಟ, ಅಂದರೆ ಒಂದು ಪದ ಮುಂದೆ ಹೋಗುವ ವಿಷಯ ಬರುತ್ತದೆ. ಸೇವ್ ಮಾಡುವುದು ಹೇಗೆಂದು ಕೇಳಿದವರು ಕಕ್ಕಾಬಿಕ್ಕಿಯಾಗುತ್ತಾರೆ. ಸೆಟ್ಟಿಂಗ್‌ಗಳ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು: :ಹೆಲ್ಪ್ 'ನಂಬರ್'. ಫಂಕ್ಷನ್ ಆದರೆ ಹೆಸರಿನ ಕೊನೆಗೆ ಖಾಲಿ ಆವರಣ (). ಹುಡುಕಾಟದ ಮಾದರಿಗಳ ಚಿಹ್ನೆಗಳಿಗೆ ಮುಂದೆ ಓರೆಗೆರೆ /. ಶೆಲ್‌ನಿಂದ ವಿಮ್ ತೆರೆಯುವಾಗ ಕೊಡುವ ಆಯ್ಕೆಗಳಿಗೆ ಹೈಫನ್. ಇದರ ಪಟ್ಟಿಯನ್ನು ನೆನಪಿಡಬೇಕಿಲ್ಲ, :ಹೆಲ್ಪ್ ತೆರೆದಾಗ ಕಾಣುವ ಮೊದಲ ಪುಟದಲ್ಲೇ ಇದೆ. ಎಲ್ಲರೂ ಅದನ್ನು ದಾಟಿಕೊಂಡು ಹೋಗುತ್ತಾರೆ ಅಷ್ಟೆ.

ಹೆಸರು ಅರ್ಧವೇ ಗೊತ್ತಿದ್ದರೆ ಅಷ್ಟನ್ನು ಬರೆದು, ಎಂಟರ್ ಒತ್ತದೆ ಕಂಟ್ರೋಲ್-ಡಿ ಒತ್ತಿ. ಆ ಅಕ್ಷರಗಳಿರುವ ಎಲ್ಲ ವಿಷಯಗಳೂ ಕೆಳಗೆ ಸಾಲಾಗಿ ಬರುತ್ತವೆ. ಒಂದೊಂದಾಗಿ ನೋಡಲು ಟ್ಯಾಬ್. ಹೆಸರೇ ಗೊತ್ತಿಲ್ಲ, ಆದರೆ ವಿವರಣೆಯಲ್ಲಿ ಯಾವ ಪದ ಇರಬಹುದೆಂಬ ಅಂದಾಜಿದೆ ಎಂದರೆ :ಹೆಲ್ಪ್‌ಗ್ರೆಪ್ ಇದೆ. ಇದು ಸಹಾಯದ ಎಲ್ಲ ಪುಟಗಳನ್ನೂ ಜಾಲಾಡುತ್ತದೆ. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವನ್ನು ಇದು ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಪದದ ಜೊತೆ ಹಿಂಬಾಗಿದ ಓರೆಗೆರೆ ಮತ್ತು ಸಿ, ಅಂದರೆ \ಸಿ, ಸೇರಿಸಿದರೆ ಎರಡೂ ಸಿಗುತ್ತವೆ. ಸಿಕ್ಕಿದ್ದರ ಪಟ್ಟಿಗೆ :ಸಿಓಪನ್, ಮುಂದಿನದಕ್ಕೆ :ಸಿನೆಕ್ಸ್ಟ್.

ಇಷ್ಟಾದರೂ ಹಲವರಿಗೆ ಪುಟಗಳು ಕಬ್ಬಿಣದ ಕಡಲೆ ಅನ್ನಿಸಲು ಕಾರಣವಿದೆ. ವಿಮ್‌ನಲ್ಲಿ ಇರುವುದು ಎರಡು ಕೈಪಿಡಿ. ಮೇಲೆ ಹೇಳಿದ ಹೆಚ್ಚಿನ ಹೆಸರುಗಳು ಕರೆದೊಯ್ಯುವುದು ರೆಫರೆನ್ಸ್ ಕೈಪಿಡಿಗೆ. ಅದು ಗೊತ್ತಿರುವುದನ್ನು ಖಚಿತಪಡಿಸಿಕೊಳ್ಳಲು ಬರೆದದ್ದು. ಕೂತು ಓದಿ ಕಲಿಯುವುದಕ್ಕೆ ಬೇರೆಯೇ ಬಳಕೆದಾರರ ಕೈಪಿಡಿ ಇದೆ, :ಹೆಲ್ಪ್ ಯೂಸರ್-ಮ್ಯಾನ್ಯುಯಲ್ ಎಂದರೆ ಅದರ ಪರಿವಿಡಿ ಬರುತ್ತದೆ. ಸರಳ ಇಂಗ್ಲಿಷಿನಲ್ಲಿ, ಉದಾಹರಣೆಗಳ ಸಮೇತ, ಅಧ್ಯಾಯವಾರು ಇದೆ. 1991ರಲ್ಲಿ ವಿಮ್ ಬಿಡುಗಡೆ ಮಾಡಿ, 2023ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನೋಡಿಕೊಂಡ ಬ್ರಾಮ್ ಮೂಲೆನಾರ್ ಅವರ ಕೈ ಈ ಪುಟಗಳಲ್ಲಿ ಎದ್ದು ಕಾಣುತ್ತದೆ; ಇಷ್ಟು ದೊಡ್ಡ ತಂತ್ರಾಂಶಕ್ಕೆ ಇಷ್ಟು ಒಂದೇ ಹದದ ಬರವಣಿಗೆ ಅಪರೂಪ. ಯಾವ ಕೀಲಿ ಯಾವ ಮೋಡ್‌ನಲ್ಲಿ ಏನು ಮಾಡುತ್ತದೆಂಬ ಸಂಪೂರ್ಣ ಪಟ್ಟಿ :ಹೆಲ್ಪ್ ಇಂಡೆಕ್ಸ್‌ನಲ್ಲಿದೆ. ಏನೋ ಒತ್ತಿ ಏನೋ ಆದಾಗ ಮೊದಲು ನೋಡಬೇಕಾದ ಪುಟ ಅದು.

ಕೆಂಪು ಸಾಲು ಹೇಳುವುದನ್ನು ಓದಿ

ದೋಷದ ಸಂದೇಶಗಳು ಇ ಅಕ್ಷರ ಮತ್ತು ಒಂದು ಸಂಖ್ಯೆಯಿಂದ ಆರಂಭವಾಗುತ್ತವೆ, ಆ ಸಂಖ್ಯೆಯೇ ಸಹಾಯದ ಹೆಸರು: :ಹೆಲ್ಪ್ ಇ37. ಸಂದೇಶ ಮಾಯವಾಗಿದ್ದರೆ :ಮೆಸೇಜಸ್ ಎಂದರೆ ಮತ್ತೆ ಕಾಣುತ್ತದೆ.

ಇ37 ಎಂದರೆ ಸೇವ್ ಮಾಡದೆ ಹೊರಡುತ್ತಿದ್ದೀರಿ. ಇ492 ಎಂದರೆ ಅಂಥ ಕಮಾಂಡ್ ಇಲ್ಲ. ಹತ್ತರಲ್ಲಿ ಒಂಬತ್ತು ಸಲ ಕ್ಯಾಪ್ಸ್ ಲಾಕ್ ಹತ್ತಿರುತ್ತದೆ, ಅಥವಾ :ಡಬ್ಲ್ಯೂ ಒತ್ತುವಾಗ ಶಿಫ್ಟಿನಿಂದ ಬೆರಳು ಎದ್ದಿರುವುದಿಲ್ಲ. ಇ45 ಮತ್ತು ಇ212 ಜೋಡಿಯಾಗಿ ಬರುತ್ತವೆ. ರೂಟ್‌ಗೆ (ಯಂತ್ರದ ಮುಖ್ಯ ಆಡಳಿತ ಖಾತೆಗೆ) ಸೇರಿದ ಫೈಲನ್ನು ಸುಡೊ (ಆ ಖಾತೆಯ ಅಧಿಕಾರದಲ್ಲಿ ಕಮಾಂಡ್ ನಡೆಸುವುದು) ಇಲ್ಲದೆ ತೆರೆದು ತಿದ್ದಿದಾಗ ಮೊದಲು ಇ45, ಓದಲು ಮಾತ್ರ ಎಂದು. ಸಂದೇಶವೇ ಸೂಚಿಸಿದಂತೆ :ಡಬ್ಲ್ಯೂ! ಎಂದರೆ ಇ212, ಬರೆಯಲು ತೆರೆಯಲಾಗದು ಎಂದು. ತಿದ್ದಿದ್ದು ದಂಡವಾಗಬೇಕಿಲ್ಲ. :ಡಬ್ಲ್ಯೂ !ಸುಡೊ ಟೀ % ಎಂದು ಕೊಡಿ. ಡಬ್ಲ್ಯೂ ಆದಮೇಲೆ ಒಂದು ಖಾಲಿ ಜಾಗ ಇದೆ ನೋಡಿ, ಎಲ್ಲ ಇರುವುದು ಅದರಲ್ಲೇ: ಜಾಗವಿಲ್ಲದಿದ್ದರೆ ಒತ್ತಾಯದ ಸೇವ್, ಜಾಗವಿದ್ದರೆ ಪಠ್ಯವನ್ನು ಹೊರಗಿನ ಕಮಾಂಡಿಗೆ ದಾಟಿಸುವುದು. ಟೀ ಎಂಬ ಆ ಕಮಾಂಡ್ ಸುಡೊ ಅಧಿಕಾರದಲ್ಲಿ ಫೈಲಿಗೆ ಬರೆಯುತ್ತದೆ, ಶೇಕಡಾ ಚಿಹ್ನೆ ಫೈಲಿನ ಹೆಸರಿಗೆ ಬದಲಾಗುತ್ತದೆ. ಆಮೇಲೆ ಫೈಲ್ ಹೊರಗೆ ಬದಲಾಗಿದೆ ಎಂದು ವಿಮ್ ಎಚ್ಚರಿಸಿದರೆ ಎಲ್ ಒತ್ತಿ ಹೊಸದಾಗಿ ಓದಿಸಿ. ಸುಡೊ ಅಧಿಕಾರವೇ ಇಲ್ಲದಿದ್ದರೆ ಬೇರೆ ಹೆಸರಿನಲ್ಲಿ ನಿಮ್ಮ ಹೋಮ್ ಡೈರೆಕ್ಟರಿಗೆ ಸೇವ್ ಮಾಡಿಟ್ಟು, ಅಧಿಕಾರವಿರುವವರಿಗೆ ಕೊಡಿ. ಇಲ್ಲದ ಡೈರೆಕ್ಟರಿಯ ಹೆಸರು ಕೊಟ್ಟು ಹೊಸ ಫೈಲ್ ತೆರೆದಾಗಲೂ ಇದೇ ಇ212 ಬರುತ್ತದೆ, ಆಗ ಬೇಕಿರುವುದು ಡೈರೆಕ್ಟರಿ, ಅಧಿಕಾರವಲ್ಲ.

ಹೆಚ್ಚು ಹೆದರಿಸುವುದು ಇ325. ಪರದೆ ತುಂಬ ಬರಹ, ಸ್ವಾಪ್ ಫೈಲ್ ಇದೆ ಎಂಬ ಎಚ್ಚರಿಕೆ. ನೀವು ಬರೆಯುತ್ತಿರುವಾಗ ವಿಮ್ ಅದನ್ನು ಆಗಾಗ, ರೂಢಿಯಂತೆ 200 ಅಕ್ಷರ ಒತ್ತಿದ ಮೇಲೆ ಅಥವಾ 4 ಸೆಕೆಂಡು ಸುಮ್ಮನಿದ್ದಾಗ, ಪಕ್ಕದ ಒಂದು ಗುಪ್ತ ಫೈಲಿಗೆ ಇಳಿಸುತ್ತಿರುತ್ತದೆ. ಸರಿಯಾಗಿ ಹೊರಬಂದರೆ ಅದು ಅಳಿಯುತ್ತದೆ. ವಿಪಿಎನ್ ಕಡಿದು ಸೆಷನ್ ಸತ್ತರೆ ಉಳಿಯುತ್ತದೆ. ಎಚ್ಚರಿಕೆಯಲ್ಲಿ ಪ್ರೊಸೆಸ್ ಸಂಖ್ಯೆಯ ಪಕ್ಕ ಇನ್ನೂ ನಡೆಯುತ್ತಿದೆ ಎಂದಿದ್ದರೆ ಕ್ಯೂ ಒತ್ತಿ ಹೊರಬನ್ನಿ: ಫೈಲ್ ಬೇರೆ ಟರ್ಮಿನಲ್‌ನಲ್ಲಿ ತೆರೆದಿದೆ, ಅಥವಾ ನೀವೇ ಕಂಟ್ರೋಲ್-ಜೆಡ್ ಒತ್ತಿ ವಿಮ್ ಅನ್ನು ಹಿನ್ನೆಲೆಗೆ ತಳ್ಳಿದ್ದೀರಿ. ಎರಡನೆಯದಾದರೆ ಶೆಲ್‌ನಲ್ಲಿ ಎಫ್‌ಜಿ ಎಂದರೆ ಅದು ಮರಳಿ ಬರುತ್ತದೆ. ನಡೆಯುತ್ತಿಲ್ಲವಾದರೆ ಆರ್ ಒತ್ತಿ ಉಳಿದದ್ದನ್ನು ಪಡೆದು, ಮೊದಲು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಮೂಲದ ಜೊತೆ ಹೋಲಿಸಿ. ಪಡೆದಾದ ಮೇಲೂ ಸ್ವಾಪ್ ಫೈಲ್ ತಾನಾಗಿ ಹೋಗುವುದಿಲ್ಲ, ಮುಂದಿನ ಸಲ ಅದೇ ಎಚ್ಚರಿಕೆ ಬಂದಾಗ ಡಿ ಒತ್ತಿ ಅಳಿಸಬೇಕು. ಓದದೆ ಅವಸರದಲ್ಲಿ ಇ ಒತ್ತಿ ಮುಂದುವರಿಯುವವರು ಒಂದೇ ಫೈಲಿನ ಎರಡು ರೂಪ ಮಾಡಿಕೊಂಡು ಒಂದನ್ನು ಕಳೆದುಕೊಳ್ಳುತ್ತಾರೆ.

ದೋಷವೇ ತೋರದೆ ವಿಮ್ ವಿಚಿತ್ರವಾಗಿ ವರ್ತಿಸುವುದೂ ಉಂಟು. ಕೆಳಗೆ ರೆಕಾರ್ಡಿಂಗ್ ಎಂದು ಕಂಡರೆ ತಪ್ಪಿ ಕ್ಯೂ ಒತ್ತಿ ಮ್ಯಾಕ್ರೊ (ಒತ್ತಿದ ಕೀಲಿಗಳ ದಾಖಲೆ) ಶುರುವಾಗಿದೆ; ಇನ್ನೊಮ್ಮೆ ಕ್ಯೂ ಒತ್ತಿದರೆ ನಿಲ್ಲುತ್ತದೆ. :ಕ್ಯೂ ಎನ್ನುವ ಬದಲು ಕ್ಯೂ: ಎಂದು ತಿರುವುಮುರುವಾದರೆ ಹಳೆಯ ಕಮಾಂಡ್‌ಗಳ ಪಟ್ಟಿಯ ಕಿಟಕಿ ತೆರೆಯುತ್ತದೆ, ಅದನ್ನೂ :ಕ್ಯೂ ಎಂದೇ ಮುಚ್ಚಬೇಕು. ವಿಂಡೋಸ್ ಅಭ್ಯಾಸಬಲದಿಂದ ಕಂಟ್ರೋಲ್-ಎಸ್ ಒತ್ತಿದವರಿಗೆ, ಹಳೆಯ ಆವೃತ್ತಿಗಳಲ್ಲಿ ಮುಖ್ಯವಾಗಿ, ಪರದೆ ಕಲ್ಲಾಗಿ ನಿಲ್ಲುತ್ತದೆ. ಅದು ಟರ್ಮಿನಲ್‌ನ ಹಳೇ ತಡೆಯಾಜ್ಞೆ, ಕಂಟ್ರೋಲ್-ಕ್ಯೂ ಒತ್ತಿದರೆ ಬಿಡುತ್ತದೆ.

ಸೆಟ್ಟಿಂಗ್ ಒಂದು ಹೇಳಿದ ಮಾತು ಕೇಳದಿದ್ದರೆ :ವರ್ಬೋಸ್ ಸೆಟ್ ಟ್ಯಾಬ್‌ಸ್ಟಾಪ್? ಎಂಬಂತೆ, ಕೊನೆಗೆ ಪ್ರಶ್ನಾರ್ಥಕ ಹಾಕಿ ಕೇಳಿ. ಈಗಿನ ಬೆಲೆಯ ಜೊತೆಗೆ ಅದನ್ನು ಕೊನೆಯದಾಗಿ ಬದಲಿಸಿದ್ದು ಯಾವ ಫೈಲ್ ಎಂಬುದೂ ಬರುತ್ತದೆ. ವಿಮ್ --ಕ್ಲೀನ್ ಎಂದು ತೆರೆದಾಗ ತೊಂದರೆ ಮಾಯವಾದರೆ ತಪ್ಪು ನಿಮ್ಮ ಸೆಟ್ಟಿಂಗ್‌ಗಳ ಫೈಲಾದ ವಿಮ್‌ಆರ್‌ಸಿಯಲ್ಲೋ ಪ್ಲಗಿನ್‌ನಲ್ಲೋ ಇದೆ. ಯಾರನ್ನೇ ಕೇಳುವ ಮೊದಲು ಇದನ್ನು ಮಾಡಿ ನೋಡಿರಬೇಕು.

ಕನ್ನಡ ಬರೆಯುವಾಗ

ಇದನ್ನು ಯಾವ ಪಾಠದಲ್ಲೂ ಹೇಳಿರುವುದಿಲ್ಲ. ಐಬಸ್‌ನಲ್ಲಿ (ಲಿನಕ್ಸ್‌ನಲ್ಲಿ ಕೀಲಿಮಣೆಯ ಭಾಷೆ ಬದಲಿಸುವ ಸಾಧನ) ಕನ್ನಡ ಆರಿಸಿ ಬರೆದು, ಎಸ್ಕೇಪ್ ಒತ್ತಿ, ಸಾಲು ಅಳಿಸಲು ಡಿಡಿ ಎಂದರೆ ಏನೂ ಆಗುವುದಿಲ್ಲ. ವಿಮ್ ನಾರ್ಮಲ್ ಮೋಡ್‌ಗೆ ಬಂದಿದೆ, ಆದರೆ ಕೀಲಿಮಣೆ ಇನ್ನೂ ಕನ್ನಡದಲ್ಲೇ ಇದೆ. ವಿಮ್‌ಗೆ ತಲುಪುತ್ತಿರುವುದು ಕನ್ನಡದ ಅಕ್ಷರ. ಎಸ್ಕೇಪ್ ಜೊತೆಗೇ ಇಂಗ್ಲಿಷಿಗೆ ಬದಲಿಸುವುದನ್ನು ಕೈಗೆ ರೂಢಿ ಮಾಡಿಸಬೇಕು. ಬೇಸರವಾದರೆ :ಹೆಲ್ಪ್ ಇನ್ಸರ್ಟ್‌ಲೀವ್ ಓದಿ: ಇನ್ಸರ್ಟ್ ಮೋಡ್ ಬಿಟ್ಟ ಕೂಡಲೇ ಹೊರಗಿನ ಕಮಾಂಡ್ ಒಂದನ್ನು ತಾನಾಗಿ ನಡೆಸುವ ದಾರಿ ಅಲ್ಲಿದೆ, ಐಬಸ್ ಅನ್ನು ಇಂಗ್ಲಿಷಿಗೆ ತಿರುಗಿಸುವ ಕಮಾಂಡನ್ನು ಅದಕ್ಕೆ ಕಟ್ಟಬಹುದು.

ಒತ್ತಕ್ಷರ ಒಡೆದು ಕಂಡರೆ ಅದು ವಿಮ್‌ನ ತಪ್ಪಲ್ಲ. ಅನೇಕ ಟರ್ಮಿನಲ್‌ಗಳು ಅಕ್ಷರಗಳನ್ನು ಒಂದೇ ಅಗಲದ ಮನೆಗಳಲ್ಲಿ ಕೂರಿಸುವುದರಿಂದ ಒತ್ತು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಫೈಲಿನಲ್ಲಿ ಸರಿಯಾಗಿಯೇ ಇದೆಯೇ ಎಂದು ನೋಡಲು ಅಕ್ಷರದ ಮೇಲೆ ಕರ್ಸರ್ ಇಟ್ಟು ಜಿ, ಎ ಒತ್ತಿ. ಕ್ಷ ಮೇಲೆ ಒತ್ತಿದರೆ ಕ ಅಕ್ಷರದ 3221, ಅದರ ಹಿಂದೆಯೇ ವಿರಾಮದ (ಅರ್ಧಾಕ್ಷರ ಮಾಡುವ ಚಿಹ್ನೆಯ) 3277 ಕಾಣುತ್ತದೆ. ವಿಮ್ ಗುಣಿತ ಚಿಹ್ನೆಯನ್ನೂ ವಿರಾಮವನ್ನೂ ಮೂಲಾಕ್ಷರದ ಜೊತೆಗೇ ಎಣಿಸುವುದರಿಂದ ಎಕ್ಸ್ ಒತ್ತಿದರೆ ಅವೆರಡೂ ಒಟ್ಟಿಗೆ ಹೋಗಿ ಷ ಉಳಿಯುತ್ತದೆ. ಚಿಹ್ನೆಯನ್ನು ಮಾತ್ರ ಅಳಿಸಬೇಕಿದ್ದರೆ :ಹೆಲ್ಪ್ 'ಡೆಲ್‌ಕಂಬೈನ್' ನೋಡಿ.

ಬೇರೆ ಎಡಿಟರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನ್ಯಾನೊದಲ್ಲಿ ಕಂಟ್ರೋಲ್-ಜಿ ಒತ್ತಿದರೆ ಸಹಾಯ. ಪರದೆಯ ಕೆಳಗಿನ ಗುರುತುಗಳಲ್ಲಿ ^ ಎಂದರೆ ಕಂಟ್ರೋಲ್, ಎಂ ಹೈಫನ್ ಎಂದರೆ ಆಲ್ಟ್. ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಎಚ್ ಆದಮೇಲೆ ಟಿ ಒತ್ತಿದರೆ ಪಾಠ, ಕೆ ಒತ್ತಿ ಯಾವುದೇ ಕೀಲಿ ಒತ್ತಿದರೆ ಆ ಕೀಲಿಯ ವಿವರಣೆ.

ಕೊನೆಗೆ ಮನುಷ್ಯರನ್ನು ಕೇಳುವ ಸರದಿ. ಬೆಂಗಳೂರಿನಲ್ಲಿ ಅದಕ್ಕೆ ಬರವಿಲ್ಲ. ಕಚೇರಿಯ ಪ್ರತಿ ಸಾಲಿನಲ್ಲೂ ವಿಮ್ ಬಲ್ಲವರೊಬ್ಬರು ಇರುತ್ತಾರೆ, ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ, ಫಾಸ್ ಯುನೈಟೆಡ್‌ನಂಥ ಬಳಗಗಳೂ ಇಲ್ಲೇ ಇವೆ. ಆದರೆ "ಗುರೂ, ವಿಮ್ ಹ್ಯಾಂಗ್ ಆಗೋಯ್ತು, ಸ್ವಲ್ಪ ಬಾರೋ" ಎಂದರೆ ಬಂದವರು ನಿಮ್ಮ ಕೀಲಿಮಣೆ ಎಳೆದುಕೊಂಡು, ಪಟಪಟ ಒತ್ತಿ, ಸರಿ ಮಾಡಿ ಹೋಗುತ್ತಾರೆ. ಏನು ಒತ್ತಿದರೆಂದು ನಿಮಗೆ ಕಾಣುವುದಿಲ್ಲ. "ಇನ್ಸರ್ಟ್ ಮೋಡಲ್ಲಿದ್ದೆ, ಕಂಟ್ರೋಲ್-ಎಸ್ ಒತ್ತಿದೆ, ಆಮೇಲೆ ಏನೂ ಮೂಡ್ತಿಲ್ಲ" ಎಂದರೆ ಅವರು ಕುರ್ಚಿಯಿಂದ ಏಳದೆಯೇ ಉತ್ತರ ಹೇಳುತ್ತಾರೆ. ಯಾವ ಮೋಡ್, ಯಾವ ಕೀಲಿಗಳು, ಏನಾಗಬೇಕಿತ್ತು, ಏನಾಯಿತು, ದೋಷದ ಸಂಖ್ಯೆ, :ವರ್ಷನ್‌ನ ಮೊದಲ ಸಾಲು, --ಕ್ಲೀನ್‌ನಲ್ಲೂ ಹೀಗೇ ಆಗುತ್ತದೆಯೇ: ಇಷ್ಟು ಕೈಯಲ್ಲಿರಲಿ. ಒತ್ತಿದ ಕೀಲಿಗಳೇ ನೆನಪಿರದಿದ್ದರೆ, ಶೆಲ್‌ನಲ್ಲಿ ವಿಮ್ ಆದಮೇಲೆ -ಡಬ್ಲ್ಯೂ ಮತ್ತು ಒಂದು ಫೈಲ್ ಹೆಸರು ಕೊಟ್ಟು ತೆರೆದು ಅದೇ ತೊಂದರೆಯನ್ನು ಮತ್ತೆ ಬರಿಸಿ. ಹೊರಬರುವವರೆಗೆ ಒತ್ತಿದ ಪ್ರತಿ ಕೀಲಿಯೂ ಅದರಲ್ಲಿ ದಾಖಲಾಗುತ್ತದೆ. ಬೇರೆಯವರಿಗೆ ಕಳಿಸುವ ಮೊದಲು ಆ ಫೈಲನ್ನು ಒಮ್ಮೆ ತೆರೆದು ನೋಡಿ, ನಡುವೆ ಬರೆದ ಪಾಸ್‌ವರ್ಡ್ ಇದ್ದರೆ ಅದೂ ಅಲ್ಲೇ ಇರುತ್ತದೆ.